ಗಾದೆಪ್ಪನ ಹೊಟ್ಟೆ ಓದಿದ ತಂತಿ

ಗಾದೆಪ್ಪ ಸಿರುಗುಪ್ಪದ ಅಂಚೆ ಕಚೇರಿಯಲ್ಲಿ ತಂತಿ ಹಂಚುವ ಜವಾನನಾಗಿ ಸೇರಿದ್ದು ೧೯೬೪ರ ಬೇಸಿಗೆಯಲ್ಲಿ. ಹುಟ್ಟೂರು ಕುರುಗೋಡು, ವಯಸ್ಸು ಇಪ್ಪತ್ತೈದು, ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ. ಇಂಗ್ಲಿಷಿಗೆ ಹೆದರಿ ಓದು ಬಿಟ್ಟವನಿಗೆ ಸರ್ಕಾರ ಇಂಗ್ಲಿಷ್ ಕಾಗದಗಳನ್ನೇ ಹೊತ್ತು ತಿರುಗುವ ಕೆಲಸ ಕೊಟ್ಟಿತು. ಆಗ ಅವನ ಹೊಟ್ಟೆಯೆಂದರೆ ಹೊಟ್ಟೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಯಲ್ಲಿ ಹದಿನಾಲ್ಕು ಹೋಳಿಗೆ ತಿಂದು, ಅನ್ನ ಯಾವಾಗ ಬಡಿಸುತ್ತೀರಿ ಎಂದು ಕೇಳಿದ ಅಳಿಯ ಅವನು. ಹೆಂಡತಿ ಅಂಬಮ್ಮ ಆ ಮಾತನ್ನು ಮುಂದೆ ಎಷ್ಟೋ ವರ್ಷ ಜನರಿಗೆ ಹೇಳುತ್ತಿದ್ದಳು. ಮೊದಮೊದಲು ನಗುತ್ತಾ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾ.

ಆ ಕಾಲದಲ್ಲಿ ತಂತಿ ಎಂದರೆ ಏನು ಎಂಬುದು ಗೊತ್ತಿರಬೇಕು. ಸುಖದ ಸುದ್ದಿಗೆ ಮೂರು ದಿನ ತಡವಾದರೂ ನಡೆಯುತ್ತದೆ, ಕಾರ್ಡು ಬರೆದರೆ ಸಾಕು. ತಂತಿ ಬಂತೆಂದರೆ ಯಾರೋ ಹೋದರು, ಇಲ್ಲವೇ ಹೋಗುವುದರಲ್ಲಿದ್ದಾರೆ. ಖಾಕಿ ಅಂಗಿಯವನು ಓಣಿ ಹೊಕ್ಕರೆ ಹೆಂಗಸರು ಮೊದಲು ಅವನ ಕೈ ನೋಡುತ್ತಿದ್ದರು. ಅಲ್ಲಿ ಅಂಟಿಸಿದ ಲಕೋಟೆ ಕಂಡರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಲ್ಲುತ್ತಿದ್ದರು. ಅದರಲ್ಲೂ ಹಳ್ಳಿಗಳಲ್ಲಿ ಲಕೋಟೆ ಕೊಟ್ಟು, ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದುಬಿಡುವ ಹಾಗಿರಲಿಲ್ಲ. ಒಳಗಿನದು ಇಂಗ್ಲಿಷು. ಒಡೆದು ಓದಿ ಹೇಳುವವನೂ ಅವನೇ ಆಗಬೇಕು.

ಗಾದೆಪ್ಪನ ಮೊದಲ ತಂತಿ ದೇಶನೂರಿಗೆ. ಹೊಸ ಕೆಲಸ, ಹೊಸ ಸೈಕಲ್ಲು. ದಾರಿಯುದ್ದಕ್ಕೂ ಗಂಟೆ ಬಾರಿಸುತ್ತಾ ಹೋದ. ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ಜೋಳ ಕೇರುತ್ತಿದ್ದಳು. ಲಕೋಟೆ ಒಡೆದು, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗನಂತೆ ಜೋರಾಗಿ ಓದಿದ: “ಫಾದರ್ ಎಕ್ಸ್‌ಪೈರ್ಡ್.” ಹಾಗೆಂದರೆ ಏನೆಂದು ಅವಳು ಕೇಳಿದಳು. ಆಗ ಅವನಿಗೂ ಅರ್ಥವಾಯಿತು. ಹೇಳಿದ. ಅವಳು ಮೊರ ಕೆಳಗಿಟ್ಟು ಎದ್ದು ಬಂದು, ಅವನ ಅಂಗಿಯ ಎದೆ ಹಿಡಿದು, “ಸುಳ್ಳಂತ ಹೇಳೋ ನನ್ನಪ್ಪಾ, ಸುಳ್ಳಂತ ಹೇಳು,” ಎಂದು ಅಲ್ಲಾಡಿಸಿದಳು. ಬಿಡಿಸಲು ಮೂರು ಜನ ಬರಬೇಕಾಯಿತು. ಆ ದಿನ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ, ಮರುದಿನ ಇಳಿದದ್ದು ನಿಲ್ಲಲಿಲ್ಲ.

ಅಲ್ಲಿಂದ ಶುರುವಾಯಿತು. ಅಂಚೆ ಮಾಸ್ತರ ಕೊಟ್ರಬಸಪ್ಪನವರ ಮೇಜಿನ ಮೇಲೆ ತಂತಿಯ ಯಂತ್ರ ಕಟಕಟ ಅನ್ನತೊಡಗಿದರೆ ಹೊಕ್ಕುಳ ಕೆಳಗೆ ಯಾರೋ ಚಿವುಟಿದಂತಾಗುತ್ತಿತ್ತು. ಮಾಸ್ತರರು ಬರೆದು ಮಡಿಸಿ ಅಂಟಿಸುವಷ್ಟರಲ್ಲಿ ಬಾಯಲ್ಲಿ ಹುಳಿನೀರು, ಅಂಗೈಯಲ್ಲಿ ಬೆವರು, ಕಿವಿಯೊಳಗೆ ಎದೆಯ ಬಡಿತ. ಸೈಕಲ್ಲು ಹತ್ತಿದ ಮೇಲೆ ಹೊಟ್ಟೆಯಲ್ಲಿ ಗುಡುಗುಡು. ಊರು ಕಾಣುವ ಹೊತ್ತಿಗೆ ಇನ್ನು ಒಂದು ಗಳಿಗೆಯೂ ತಾಳಲಾಗದು ಎಂಬ ಸ್ಥಿತಿ. ಮೊದಲ ಅಂಗಡಿಯಲ್ಲೋ ಮನೆಯಲ್ಲೋ ಒಂದು ಚೊಂಬು ನೀರು ಕೇಳಿ ಪಡೆದು, ಕಾಲುವೆ ದಂಡೆಯ ಜಾಲಿಮರದ ಮರೆಗೆ ಓಡಬೇಕು. ಎಂಥ ಸೋಜಿಗ ನೋಡಿ: ಬೇರೆ ಯಾರದೋ ಮನೆಯ ಸುದ್ದಿ, ಅಂಟಿಸಿದ ಲಕೋಟೆಯ ಒಳಗೆ ತೆಪ್ಪಗೆ ಮಲಗಿದ ನಾಲ್ಕು ಇಂಗ್ಲಿಷ್ ಪದ, ಅದು ಜೇಬಿನ ಬಟ್ಟೆ ದಾಟಿ ಈ ಮನುಷ್ಯನ ಕರುಳಿಗೆ ಕೈ ಹಾಕುತ್ತಿತ್ತು. ಭಾನುವಾರ ಅವನಿಗೆ ಏನೂ ಆಗುತ್ತಿರಲಿಲ್ಲ.

ಅಂಬಮ್ಮ ತನಗೆ ತಿಳಿದ ಮದ್ದನ್ನೆಲ್ಲ ಮಾಡಿದಳು. ಅಜವಾನ, ಸುಟ್ಟ ಬೆಳ್ಳುಳ್ಳಿ, ದಾಳಿಂಬೆ ಸಿಪ್ಪೆಯ ಕಷಾಯ. ಹೊಕ್ಕುಳ ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳ ಜಾಗ ತಪ್ಪಿದೆ ಎಂದು ಯಾರೋ ಅಂದರೆ ಕುರುಗೋಡಿಗೆ ಕರೆದೊಯ್ದು ಬಟ್ಟಿ ತಿಕ್ಕಿಸಿದಳು. ಹದಿನಾಲ್ಕು ಹೋಳಿಗೆ ತಿಂದದ್ದನ್ನು ಕಂಡವರ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಸೋಮವಾರದ ಒಪ್ಪತ್ತಿಗೆ ಗುರುವಾರವೂ ಸೇರಿತು. ಹಸಿದ ಹೊಟ್ಟೆ ಇನ್ನಷ್ಟು ಉರಿಯಿತು. ನಾಲ್ಕು ವರ್ಷದಲ್ಲಿ ಗಾದೆಪ್ಪನ ಖಾಕಿ ಅಂಗಿಯನ್ನು ಎರಡು ಸಲ ಒಳಕ್ಕೆ ಹೊಲಿಸಬೇಕಾಯಿತು.

ಕೊನೆಗೆ ೧೯೬೮ರಲ್ಲಿ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ತಿಪ್ಪೇರುದ್ರಪ್ಪ ಡಾಕ್ಟರ ಬಳಿಗೆ ಒಬ್ಬನೇ ಹೋದ. ಅವರು ಹೊಟ್ಟೆ ಒತ್ತಿ ನೋಡಿ, ಮಲ ಪರೀಕ್ಷೆ ಮಾಡಿಸಿ, ಸುಣ್ಣದ ನೀರಿನಂಥ ದಪ್ಪನೆಯ ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸಿದರು. ಆಮೇಲೆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಗಾದೆಪ್ಪ ತನ್ನ ಹೊಟ್ಟೆಯನ್ನು ಮೊದಲ ಸಲ ನೋಡಿದ. ಇಷ್ಟೊಂದು ಗಲಾಟೆ ಮಾಡುವುದು ಇಷ್ಟು ಚಿಕ್ಕದೇ ಎಂದು ಬೆರಗಾಯಿತು. ಮೂಕ ಪ್ರಾಣಿಯೊಂದು ಮುದುಡಿ ಕೂತ ಹಾಗಿತ್ತು. ಅವನಿಗೆ ಕೈ ಮುಗಿಯಬೇಕೆನಿಸಿತು, ಡಾಕ್ಟರು ಏನಂದುಕೊಂಡಾರು ಎಂದು ಸುಮ್ಮನಾದ.

“ಹುಣ್ಣಿಲ್ಲ, ಗಡ್ಡಿ ಇಲ್ಲ, ಏನೂ ಇಲ್ಲ,” ಎಂದರು ಡಾಕ್ಟರು. “ನಿನ್ನ ಹೊಟ್ಟಿ ಭೇಷ್ ಐತಿ. ಇದು ಅಂಜಿಕಿ ಗಾದೆಪ್ಪಾ. ಅಂಜೋದು ಮನಸು, ಹೊಡ್ತ ಬೀಳೋದು ಹೊಟ್ಟೀಗೆ.”

“ನಾಟಕ ಮಾಡ್ತೀನಿ ಅಂತೀರೇನ್ರಿ ಸಾಹೇಬ್ರ?”

“ಯಾರಂದ್ರು? ನೋವು ಖರೇನ ಐತಿ. ಹೊತ್ತಿಗೆ ಸರಿಯಾಗಿ ಉಣ್ಣು. ಬರೇ ಹೊಟ್ಟ್ಯಾಗ ಚಹಾ ಕುಡೀಬ್ಯಾಡ. ಆ ತಂತಿ ಕೆಲ್ಸ ಬಿಡಾಕ ಆಕ್ಕತೇನು ನೋಡು. ಮುಖ್ಯ ಅಂದ್ರ, ನಿನಗ ಅಂಜಿಕಿ ಅಂತ ಮನ್ಯಾಗ ಹೇಳು. ಮುಚ್ಚಿಟ್ಟಷ್ಟೂ ಜಾಸ್ತಿ ಆಕ್ಕತಿ.”

ಇಡೀ ಮಾತಿನಲ್ಲಿ ಗಾದೆಪ್ಪನಿಗೆ ಕೇಳಿಸಿದ್ದು ಒಂದೇ ಪದ, ಅಂಜಿಕೆ. ಹುಣ್ಣು ಎಂದಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಂಜಿಕೆ ಎಂದು ಹೇಗೆ ಹೇಳುವುದು? ಇಪ್ಪತ್ತೊಂಬತ್ತು ವರ್ಷದ ಗಂಡಸು, ಮೀಸೆ ಇದೆ, ಸರ್ಕಾರಿ ನೌಕರಿ ಇದೆ. ಮನೆಗೆ ಬಂದು ಅಂಬಮ್ಮನಿಗೆ “ಉಷ್ಣ ಅಂತ” ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಎಕ್ಸ್‌ರೇ ಹಾಳೆಯನ್ನು ಟ್ರಂಕಿನ ತಳದಲ್ಲಿಟ್ಟ.

ಅವನನ್ನು ಈ ನಾಚಿಕೆಯಿಂದ ಪಾರು ಮಾಡಿದವನು ಹಚ್ಚೊಳ್ಳಿಯ ಅಯ್ಯಣ್ಣ. ಪಾರು ಮಾಡಿದ ಎಂದು ಗಾದೆಪ್ಪ ಆಗ ಅಂದುಕೊಂಡ, ಅಷ್ಟೆ. ಹಚ್ಚೊಳ್ಳಿ ಸೈಕಲ್ಲಿಗೆ ದೂರ, ಬಸ್ಸಿನಲ್ಲೇ ಹೋಗಬೇಕು. ಬಸ್ಸು ನಿಲ್ಲುವಲ್ಲಿ ಅಯ್ಯಣ್ಣನ ಚಹಾದಂಗಡಿ. ಇಳಿದ ಕೂಡಲೇ ಚೊಂಬು ಕೊಡುತ್ತಿದ್ದವನು ಅವನೇ, ಆಮೇಲೆ ಯಾವ ಮನೆಯಲ್ಲಿ ಅಳು ಕೇಳಿಸಿತು ಎಂದು ಲೆಕ್ಕ ಇಡುತ್ತಿದ್ದವನೂ ಅವನೇ. ಗಾದೆಪ್ಪ ಐದು ಸಲ ಚೊಂಬು ಕೇಳಿದ್ದಾನೆ, ಐದು ಸಲವೂ ಸಾವು. ಹೀಗಿರುವಾಗ ಒಂದು ದಿನ ಆ ಊರಿನ ಮರಿಬಸಪ್ಪನ ಮಗನಿಗೆ ನೌಕರಿ ಸಿಕ್ಕ ತಂತಿ ಬಂತು. ಮಾಸ್ತರ ಕೊಟ್ರಬಸಪ್ಪನವರು ಲಕೋಟೆ ಕೊಡುವಾಗ, ನಿಯಮ ಮೀರಿ, ನಕ್ಕು, “ಹೋಗು, ಉಂಡಿ ಕೊಡ್ತಾರ, ತಿಂದು ಬಾ,” ಎಂದಿದ್ದರು. ಗಾದೆಪ್ಪನ ಹೊಟ್ಟೆ ಗಪ್ಪಾಗಿತ್ತು. ಬಸ್ಸಿಳಿದವನು ಚೊಂಬು ಕೇಳದೆ ನೇರ ಊರೊಳಗೆ ನಡೆದ. ಅಯ್ಯಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಅಷ್ಟೇ ಸಾಕಾಯಿತು. ಗಾದೆಪ್ಪನ ಹೊಟ್ಟೆ ಲಕೋಟೆ ಒಡೆಯುವ ಮೊದಲೇ ತಂತಿ ಓದುತ್ತದೆ ಎಂದು ಅಯ್ಯಣ್ಣ ಊರಿಗೆಲ್ಲ ಸಾರಿದ. ಹಚ್ಚೊಳ್ಳಿಯಿಂದ ಸುತ್ತಲ ಊರುಗಳಿಗೆ, ಊರುಗಳಿಂದ ಬಸ್ಸಿಗೆ ಸುದ್ದಿ ಹಬ್ಬಿತು. ಡ್ರೈವರುಗಳು ಅವನಿಗೆ ಮುಂದಿನ ಸೀಟು ಬಿಟ್ಟುಕೊಡತೊಡಗಿದರು. ಹೊಟ್ಟೆ ಹಿಡಿದುಕೊಂಡು ಓಡುತ್ತಿದ್ದವನನ್ನು ನೋಡಿ ಹಿಂದೆ ಮುಸಿಮುಸಿ ನಕ್ಕಿದ್ದ ಹೆಂಗಸರು ಈಗ ಸೆರಗು ತಲೆಯ ಮೇಲೆಳೆದುಕೊಂಡು ದಾರಿ ಬಿಡುತ್ತಿದ್ದರು. ಒಬ್ಬ ತನ್ನ ಎತ್ತು ಕಳೆದಿದೆ ಎಂದು ಕಚೇರಿಗೇ ಬಂದು, “ನಿಮ್ಮ ಹೊಟ್ಟಿ ಏನಂತೈತಿ ನೋಡಿ ಹೇಳ್ರಿ,” ಎಂದು ಕೈಮುಗಿದು ನಿಂತ. ಎತ್ತು ಸಂಜೆಗೆ ತಾನಾಗಿಯೇ ಮನೆಗೆ ಬಂತು. ಆ ಪುಣ್ಯವೂ ಹೊಟ್ಟೆಗೇ ಸಂದಿತು.

ಗಾದೆಪ್ಪ ನಂಬಿದನೇ? ನಂಬಿದ. ನೀವಾಗಿದ್ದರೂ ನಂಬುತ್ತಿದ್ದಿರಿ. ಅಂಜುಬುರುಕ ಎನ್ನಿಸಿಕೊಳ್ಳುವುದಕ್ಕಿಂತ ಒಳಗೆ ದೈವವಿದೆ ಎನ್ನಿಸಿಕೊಳ್ಳುವುದು ಯಾರಿಗೆ ಹಿತವಲ್ಲ? ನೋವು ಬಂದಾಗ ಈಗ ಅವನು ನಾಚುತ್ತಿರಲಿಲ್ಲ, ಒಂದು ಬಗೆಯ ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದ. ಮನೆಯಲ್ಲಿ ಮಾತ್ರ ಆಟ ನಡೆಯಲಿಲ್ಲ.

“ದೇವ್ರಿಗೆ ಕುಂದ್ರಾಕ ಜಾಗ ಇರ್ಲಿಲ್ಲೇನ್ರಿ?” ಎಂದಳು ಅಂಬಮ್ಮ. “ಅಷ್ಟು ದೊಡ್ಡ ಗುಡಿ ಬಿಟ್ಟು ನಿಮ್ಮ ಕರುಳಾಗ ಬಂದು ಕುಂತಾನ?”

“ಬಾಯಿ ಬಿಗಿ ಹಿಡಿ. ನಿನಗ ತಿಳಿಯಂಗಿಲ್ಲ.”

“ದೇವ್ರು ಇದ್ದಲ್ಲಿ ಒಂದು ತುತ್ತು ಅನ್ನಾರ ನಿಂದ್ರಬೇಕಿತ್ತು,” ಎಂದು ಅವಳು ಒಲೆಯ ಕಡೆ ತಿರುಗಿದಳು.

೧೯೭೧ರ ಡಿಸೆಂಬರಿನಲ್ಲಿ ಯುದ್ಧ ನಡೆಯಿತು. ಹಚ್ಚೊಳ್ಳಿಯ ಗಂಗಕ್ಕನ ಒಬ್ಬನೇ ಮಗ ಸುಂಕಪ್ಪ ಮಿಲಿಟರಿಯಲ್ಲಿದ್ದ. ಯುಗಾದಿಯಲ್ಲಿ ರಜೆಗೆ ಬಂದವನು ಹೊನ್ನೂರಮ್ಮ ಎಂಬ ಹತ್ತೊಂಬತ್ತರ ಹುಡುಗಿಯನ್ನು ಮದುವೆಯಾಗಿ, ಇಪ್ಪತ್ತು ದಿನ ಸಂಸಾರ ಮಾಡಿ ಹೋಗಿದ್ದ. ಯುದ್ಧ ಮುಗಿದು ಒಂದು ವಾರ ಕಳೆದರೂ ಅವನ ಸುದ್ದಿ ಇರಲಿಲ್ಲ. ಆಗ ಸಿರುಗುಪ್ಪಕ್ಕೆ ಗಂಗಕ್ಕನ ಹೆಸರಿಗೆ ತಂತಿ ಬಂತು. ಕೊಟ್ರಬಸಪ್ಪನವರು ರಜೆಯಲ್ಲಿದ್ದರು. ಅವರ ಬದಲಿಗೆ ಬಂದಿದ್ದವರು ನಗಲೂ ಇಲ್ಲ, ನಿಟ್ಟುಸಿರೂ ಬಿಡಲಿಲ್ಲ, ಲಕೋಟೆ ಅಂಟಿಸಿ ಮೇಜಿನ ಮೇಲೆ ತಳ್ಳಿದರು.

ವಿಳಾಸದಲ್ಲಿ ಗಂಗಕ್ಕನ ಹೆಸರು ಕಂಡದ್ದೇ ತಡ, ಹೊಟ್ಟೆ ಹಿಂದೆಂದೂ ಇಲ್ಲದ ಹಾಗೆ ತಿರುಗಿತು. ಬಸ್ಸನ್ನು ದಾರಿಯಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಡ್ರೈವರು ಕೇಳಿದ ಕೂಡಲೇ ನಿಲ್ಲಿಸಿದ. ಬಸ್ಸಿನಲ್ಲಿದ್ದವರು ತಲೆ ತಗ್ಗಿಸಿ ಕುಳಿತರು, ಯಾರ ಮನೆಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಚ್ಚೊಳ್ಳಿಯಲ್ಲಿ ಇಳಿದಾಗ ಗಾದೆಪ್ಪನ ಮುಖ ಬಿಳಿಚಿತ್ತು. ಅಯ್ಯಣ್ಣ ಚೊಂಬು ಹಿಡಿದೇ ಎದುರು ಬಂದ.

“ಯಾರ ಮನೀಗೆ ಅಣ್ಣಾ?”

ಗಾದೆಪ್ಪ ಹಿಂದೆ ಎಂದೂ ಮಾಡದ ತಪ್ಪನ್ನು ಅಂದು ಮಾಡಿದ. ಓಡುತ್ತಲೇ, “ಗಂಗಕ್ಕನ ಮನೀಗೆ,” ಎಂದುಬಿಟ್ಟ.

ಕಾಲುವೆ ದಂಡೆಯಿಂದ ಅವನು ಎದ್ದು ಬರಲು ಅರ್ಧ ಗಂಟೆ ಹಿಡಿಯಿತು. ಓಣಿಯ ತುದಿಯಲ್ಲೇ ಅಳು ಕೇಳಿಸಿತು. ಗಂಗಕ್ಕನ ಮನೆಯ ಮುಂದೆ ಊರೇ ನೆರೆದಿತ್ತು. ಗಂಗಕ್ಕ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು, ಇಬ್ಬರು ಹಿಡಿದುಕೊಂಡಿದ್ದರು. ಹೊಸ್ತಿಲ ಬಳಿ ಹೊನ್ನೂರಮ್ಮನನ್ನು ಕೂರಿಸಿದ್ದರು. ವಯಸ್ಸಾದ ಹೆಂಗಸೊಬ್ಬಳು ಅವಳ ಎಡಗೈಯ ಹಸಿರು ಬಳೆಗಳನ್ನು ಕಲ್ಲಿಗೆ ಕುಟ್ಟಿ ಆಗಿತ್ತು. ಮಣಿಕಟ್ಟಿನಲ್ಲಿ ಗಾಜು ಚುಚ್ಚಿ ರಕ್ತ ಇಳಿಯುತ್ತಿತ್ತು. ಮುದುಕಿ ಬಲಗೈಗೆ ಕೈ ಹಾಕಿದ್ದಳು.

ಗಾದೆಪ್ಪನನ್ನು ಕಂಡು ಜನ ಕೈ ಮುಗಿದು ದಾರಿ ಬಿಟ್ಟರು. ಲಕೋಟೆ ಅವನ ಜೇಬಿನಲ್ಲಿ ಅಂಟಿಸಿದ ಹಾಗೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಅವನೂ ತೆಗೆಯಲಿಲ್ಲ. ಸತ್ಯ ಹೇಳಬೇಕೆಂದರೆ ಸಿರುಗುಪ್ಪ ಬಿಡುವಾಗಲೇ ಅವನ ಮನಸ್ಸಿನಲ್ಲಿ ಸುಂಕಪ್ಪ ಸತ್ತು ಹೋಗಿದ್ದ. ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರಾಯಿತು ಎಂದು ಅವನು ಗಂಗಕ್ಕನ ಕಡೆಗೆ ಬಗ್ಗಿದ.

ಹೊನ್ನೂರಮ್ಮ ಬಲಗೈಯನ್ನು ಕಿತ್ತುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು.

“ತಂತಿ ಎಲ್ಲೈತಿ? ಮೊದ್ಲು ಓದ್ರಿ.”

“ಏನು ಓದೋದೈತಿ ನನ್ನವ್ವಾ,” ಎಂದಳು ಮುದುಕಿ. “ಅಣ್ಣನ ಹೊಟ್ಟಿ ಆಗ್ಲೇ ಓದೈತಲ್ಲ.”

“ಅಣ್ಣನ ಹೊಟ್ಟಿ ಮಾತು ಕೇಳಿ ನಾ ತಾಳಿ ಕಟ್ಟಿಸ್ಕೊಂಡಿಲ್ಲ,” ಎಂದಳು ಹುಡುಗಿ. ಅವಳ ಕಣ್ಣು ಗಾದೆಪ್ಪನನ್ನು ಬಿಡಲಿಲ್ಲ. “ಓದ್ರಿ.”

ಒಡೆದ. ಅಕ್ಷರಗಳು ಕುಣಿದವು. ಅವನ ಕಣ್ಣು ರೂಢಿಯಂತೆ ಎಕ್ಸ್‌ಪೈರ್ಡ್ ಎಂಬ ಪದವನ್ನು ಹುಡುಕಿತು. ಸಿಗಲಿಲ್ಲ. ಮತ್ತೆ ಹುಡುಕಿದ. ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ. ಆಮೇಲೆ ಎಡಗಡೆಯಿಂದ ಒಂದೊಂದೇ ಪದ, ಸಾಲೆಯ ಹುಡುಗನ ಹಾಗೆ ಬೆರಳಿಟ್ಟು ಓದಿದ. ಕಾಲಿಗೆ ಗಾಯ, ಪುಣೆ ಆಸ್ಪತ್ರೆ, ಕ್ಷೇಮ, ಯುಗಾದಿಗೆ ಬರುವೆ. ಕೊನೆಯಲ್ಲಿ ಕಳಿಸಿದವನ ಹೆಸರು, ಸುಂಕಪ್ಪ.

“ಅದಾನ,” ಎಂದ. ಇನ್ನೊಮ್ಮೆ ಹೇಳಿದ. “ಅದಾನ್ರಿ. ಕಾಲಿಗೆ ಪೆಟ್ಟಾಗೈತಿ ಅಷ್ಟ. ತಾನ ಕಳಿಸ್ಯಾನ ತಂತೀನ. ಯುಗಾದಿಗೆ ಬರ್ತಾನಂತ.”

ಗಂಗಕ್ಕನ ಬಾಯಿಂದ ಅಳುವೂ ಅಲ್ಲದ ನಗುವೂ ಅಲ್ಲದ ಒಂದು ಸದ್ದು ಬಂತು. ಓಣಿಯಲ್ಲೆಲ್ಲ ಗದ್ದಲವೆದ್ದಿತು. ಆ ಗದ್ದಲದ ನಡುವೆ ನಿಂತ ಗಾದೆಪ್ಪನಿಗೆ ಒಂದು ಸಂಗತಿ ತಿಳಿಯಿತು, ತಿಳಿದು ಮೈ ಜುಮ್ಮೆಂದಿತು. ಅವನ ಹೊಟ್ಟೆ ಇನ್ನೂ ನೋಯುತ್ತಿತ್ತು. ಸುಖದ ಸುದ್ದಿಯನ್ನು ಕಣ್ಣು ಓದಿದೆ, ಬಾಯಿ ಹೇಳಿದೆ, ಕಿವಿ ಕೇಳಿದೆ. ಹೊಟ್ಟೆ ಮಾತ್ರ ಅದೇ ಚಿವುಟು, ಅದೇ ಗುಡುಗು. ಅದಕ್ಕೆ ಏನೂ ಗೊತ್ತಿರಲಿಲ್ಲ. ಎಂದೂ ಗೊತ್ತಿರಲಿಲ್ಲ. ಅದು ಯಾವ ತಂತಿಯನ್ನೂ ಓದಿರಲಿಲ್ಲ. ಇಷ್ಟು ವರ್ಷ ಅದು ಅಂಜಿಕೊಂಡು ಒಳಗೇ ಕೂಗುತ್ತಿತ್ತು, ಜನ ಅದನ್ನು ದೇವವಾಣಿ ಎಂದುಕೊಂಡರು, ಅವನೂ ಎಂದುಕೊಂಡ.

ಅಷ್ಟರಲ್ಲಿ ಅಯ್ಯಣ್ಣ ಚಪ್ಪಾಳೆ ತಟ್ಟಿದ. “ನೋಡಿದ್ರಿಲ್ಲ? ಹೊಟ್ಟಿ ಸುಳ್ಳು ಹೇಳಂಗಿಲ್ಲ! ಕಾಲಿಗೆ ಪೆಟ್ಟಾಗೈತಲ್ಲ, ಅದನ್ನ ಹೇಳೈತಿ!” ಹೌದೌದು ಎಂದರು ಸುತ್ತಲಿದ್ದವರು. ನಾಲ್ಕಾರು ಕೈಗಳು ಮತ್ತೆ ಮುಗಿದವು. ಗಾದೆಪ್ಪ ಸುಮ್ಮನಿದ್ದಿದ್ದರೆ ಸಾಕಿತ್ತು, ಅವನ ಮರ್ಯಾದೆ ಇನ್ನೂ ಇಪ್ಪತ್ತು ವರ್ಷ ಬಾಳುತ್ತಿತ್ತು. ಆದರೆ ಅವನ ಕಣ್ಣು ಹೊನ್ನೂರಮ್ಮನ ಎಡಗೈಯ ಮೇಲೆ ಬಿತ್ತು. ಯಾರೋ ಅರಿಸಿನ ಮೆತ್ತುತ್ತಿದ್ದರು, ರಕ್ತ ನಿಂತಿರಲಿಲ್ಲ.

“ಇಲ್ರಿ,” ಎಂದ. “ನನ್ನ ಹೊಟ್ಟೀಗೆ ಏನೂ ಗೊತ್ತಿಲ್ಲ. ಅಂಜಿಕೀರಿ. ನನಗ ಅಂಜಿಕಿ. ತಂತಿ ಕೈಯಾಗ ಹಿಡಿದ್ರ ಸಾಕು, ಯಾರು ಅಳ್ತಾರೋ, ಯಾರು ಅಂಗಿ ಹಿಡಿತಾರೋ ಅಂತ ಕರುಳು ಕಲಕ್ತೈತಿ. ಬಳ್ಳಾರಿ ಡಾಕ್ಟರು ಮೂರು ವರ್ಷದ ಹಿಂದನ ಹೇಳಿದ್ರು. ನಾನ ಮುಚ್ಚಿಟ್ಟೆ. ಆ ಕೂಸಿನ ಕೈ ಒಡ್ದಿದ್ದು ನಾನು.”

ಯಾರೋ ನಕ್ಕರು. ಅಯ್ಯಣ್ಣ ಅದನ್ನು ವಿನಯ ಎಂದು ಸಾಧಿಸಲು ನೋಡಿದ, ಆಗದಿದ್ದಾಗ ಸಿಟ್ಟಾದ. ತಾನು ಸಾರಿದ ಮಹಿಮೆ ತನ್ನ ಕಣ್ಣೆದುರಿಗೇ ಬಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಪುಕ್ಕಲ ಗಾದೆಪ್ಪ ಎಂಬ ಹೆಸರು ಅವನಿಗಿಂತ ಮೊದಲು ಸಿರುಗುಪ್ಪಕ್ಕೆ ತಲುಪಿತು. ಬಸ್ಸಿನಲ್ಲಿ ಮುಂದಿನ ಸೀಟು ಹೋಯಿತು.

ಮನೆಗೆ ಬಂದು ಅಂಬಮ್ಮನ ಮುಂದೆ ಎಲ್ಲವನ್ನೂ ಹೇಳಿ, ಟ್ರಂಕಿನಿಂದ ಎಕ್ಸ್‌ರೇ ತೆಗೆದು ಕೈಗಿಟ್ಟ. ಅವಳು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡಿದ್ದ.

“ಅಂಜಿಕಿ ಅಂತ ಗೊತ್ತಿದ್ದೂ ದಿನಾ ಹೋಗ್ತಿದ್ರೇನು?” ಎಂದು ಕೇಳಿದಳು.

“ಹೋಗ್ದ ಏನ್ಮಾಡ್ಲಿ? ತಂತಿ ಬಂದಿರ್ತಿತ್ತಲ್ಲ.”

“ಒಂದಿನಾನೂ ಬಿಡ್ಲಿಲ್ಲ?”

ಅವನು ಯೋಚಿಸಿದ. ಬಿಟ್ಟಿರಲಿಲ್ಲ. ಮಳೆಯಲ್ಲೂ, ಹಳ್ಳ ಬಂದಾಗಲೂ ಬಿಟ್ಟಿರಲಿಲ್ಲ. ಅದು ಅವನಿಗೆ ಒಂದು ದೊಡ್ಡ ಸಂಗತಿಯಾಗಿ ಎಂದೂ ಕಂಡಿರಲಿಲ್ಲ. ಅಂಬಮ್ಮ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಸೋಮವಾರ ಗುರುವಾರದ ಉಪವಾಸಗಳೆರಡನ್ನೂ ಅವಳೇ ನಿಲ್ಲಿಸಿದಳು, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಜೋಳದ ಗಂಜಿ ಕುಡಿಸತೊಡಗಿದಳು. ನೋವು ಹೋಗಲಿಲ್ಲ, ಸ್ವಲ್ಪ ಇಳಿಯಿತು. ಮುಂದೆ ಎಂಬತ್ತರ ದಶಕ ಅರ್ಧ ಕಳೆಯುವವರೆಗೂ ಅವನು ಅದೇ ಕೆಲಸದಲ್ಲಿದ್ದ. ಯಾವ ಊರಿಗೆ ಹೋದರೂ ಚೊಂಬು ಕೊಟ್ಟವರಿಗೆ, “ಇದಕ್ಕೂ ತಂತಿಗೂ ಸಂಬಂಧ ಇಲ್ರಿ, ನನಗ ಹಿಂಗ ಆಕ್ಕತಿ,” ಎಂದು ಮೊದಲೇ ಹೇಳುತ್ತಿದ್ದ. ಜನ ನಗುತ್ತಿದ್ದರು, ಕಾಯುತ್ತಿದ್ದರು. ಲಕೋಟೆ ಒಡೆಯುವ ಮುನ್ನ ಮನೆಯವರನ್ನು ಕೂರಿಸಿ, ತಾನೂ ನೆಲದ ಮೇಲೆ ಕೂತು ಓದುತ್ತಿದ್ದ.

ಹಾಗೆ ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಹಚ್ಚೊಳ್ಳಿಯಲ್ಲಿ ಒಮ್ಮೆ ಬಂದು ಹೋಗಿತ್ತಷ್ಟೆ. ಅದು ಅವನಲ್ಲಿ ನೆಲೆ ನಿಂತದ್ದು ಸುಂಕಪ್ಪ ಬರುವೆನೆಂದಿದ್ದ ಆ ಯುಗಾದಿಯ ಮರುವಾರ.

ಅಂದು ಮಧ್ಯಾಹ್ನ ಕೋಲೂರಿಕೊಂಡು ಒಬ್ಬ ಎತ್ತರದ ಆಳು ಅಂಚೆ ಕಚೇರಿಗೆ ಬಂದ. ಅಗಲ ಎದೆ, ಕತ್ತರಿಸಿದ ಮೀಸೆ, ಮಿಲಿಟರಿ ಬೂಟು. “ಗಾದೆಪ್ಪಣ್ಣ ಯಾರ್ರಿ?” ಎಂದ. ಗಾದೆಪ್ಪನಿಗೆ ನೋಡಿದ ಕೂಡಲೇ ತಿಳಿಯಿತು. ಹೆಂಡತಿಯ ಕೈ ಒಡೆಸಿದ್ದಕ್ಕೆ ಕೇಳಲು ಬಂದಿದ್ದಾನೆ ಎಂದು ಹೊಟ್ಟೆ ಆಗಲೇ ಶುರುವಿಟ್ಟಿತ್ತು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ನಾನ. ತಪ್ಪಾತು ತಮ್ಮಾ,” ಎಂದು ಕೈಮುಗಿದ.

ಸುಂಕಪ್ಪ ಆ ಕೈ ಹಿಡಿದುಕೊಂಡ. ಸುತ್ತ ನೋಡಿದ. ಹಿಂದಿನ ಅಂಗಳದ ಬೇವಿನ ಮರದ ಬಳಿಗೆ ಕರೆದುಕೊಂಡು ಹೋಗಿ, ಕಷ್ಟಪಟ್ಟು ಕಾಲು ಚಾಚಿ ಕೂತ. ಹೊನ್ನೂರಮ್ಮ ನಡೆದದ್ದನ್ನೆಲ್ಲ ಹೇಳಿದ್ದಾಳೆ ಎಂದ. ಊರಲ್ಲಿ ಹಾರ ಹಾಕಿದರು, ಮೆರವಣಿಗೆ ಮಾಡಿದರು ಎಂದ. ಆಮೇಲೆ ಧ್ವನಿ ತಗ್ಗಿಸಿದ.

“ಅಲ್ಲಿ ಗುಂಡು ಹಾರೋ ಮುಂಚೆ ನನಗ ಹಂಗ ಆಗ್ತಿತ್ತಣ್ಣಾ. ನಿನಗ ಆಕ್ಕತಲ್ಲ, ಹಂಗ. ಎದಿ ಬಡಿತ, ಹೊಟ್ಟಿ ನೀರಾಗೋದು. ನಾನೊಬ್ಬನ ಇಂಥಾಂವ ಅಂತ ಯಾರಿಗೂ ಹೇಳ್ಲಿಲ್ಲ. ಮನೀಗೆ ಬಂದ್ರೂ ಹೋಗವಲ್ದು. ಓಣ್ಯಾಗ ಟ್ರ್ಯಾಕ್ಟರು ಶುರುವಾದ್ರ ತಾಟು ಬಿಟ್ಟು ಎದ್ದು ಓಡ್ತೀನಿ. ಉಂಡದ್ದು ನಿಂದ್ರವಲ್ದು. ಅವ್ವ ದೃಷ್ಟಿ ಅಂತಾಳ.” ಅವನು ಗಾದೆಪ್ಪನ ಮುಖ ನೋಡಲಿಲ್ಲ. “ಊರ ಮುಂದ ನೀ ಬಾಯಿಬಿಟ್ಟು ಹೇಳಿದ್ಯಂತ. ಅದನ್ನ ಕೇಳಿ ಬಂದೆ. ಅದು ಹೆಂಗ ನಿಂದ್ರತೈತಣ್ಣಾ?”

ಗುಂಡಿಗೆ ಎದೆಯೊಡ್ಡಿ ಬಂದ ಆಳು, ಊರು ಹಾರ ಹಾಕಿದ ಆಳು, ಪುಕ್ಕಲನೆಂದು ಹೆಸರಾದ ತಂತಿ ಜವಾನನ ಮುಂದೆ ಕೂತು ಕೇಳುತ್ತಿದ್ದಾನೆ. ಇಂಥ ಮೈಯೊಳಗೂ ಅದೇ ಇದೆ. ಎಕ್ಸ್‌ರೇ ತೆಗೆದರೆ ಅಲ್ಲೂ ಅದೇ ಚಿಕ್ಕ ಪ್ರಾಣಿ ಮುದುಡಿ ಕೂತಿರುತ್ತದೆ. ಅದನ್ನು ಹೊತ್ತುಕೊಂಡೇ ಇವನು ಅಷ್ಟು ದೂರ ಹೋಗಿದ್ದಾನೆ, ನಿಂತಿದ್ದಾನೆ. ಗಾದೆಪ್ಪನ ಕಣ್ಣು ತುಂಬಿತು. ತನ್ನ ಮೇಲೂ ಮೊದಲ ಸಲ ಅವನಿಗೆ ಗೌರವ ಬಂತು.

“ನಿಂದ್ರಂಗಿಲ್ಲ ತಮ್ಮಾ,” ಎಂದ. “ಸುಳ್ಳು ಹೇಳಂಗಿಲ್ಲ ನಿನಗ. ಹೊತ್ತಿಗೆ ಉಣಬೇಕು. ಮನ್ಯಾಗ ಹೇಳಬೇಕು. ಆಮ್ಯಾಲೆ ಅದನ್ನೂ ಸಂಗಾಟ ಕರ್ಕೊಂಡ ಹೋಗಬೇಕು.”

ಸುಂಕಪ್ಪ ತಲೆಯಾಡಿಸಿದ. ಒಳಗೆ ಯಂತ್ರ ಕಟಕಟ ಎಂದಿತು. ಇಬ್ಬರ ಕೈಯೂ ಒಮ್ಮೆಲೇ ಹೊಟ್ಟೆಗೆ ಹೋಯಿತು. ಇಬ್ಬರೂ ಅದನ್ನು ನೋಡಿದರು, ಸುಂಕಪ್ಪನಿಗೆ ನಗು ಬಂತು.

ಗಾದೆಪ್ಪ ಎದ್ದ. “ಕುಂತಿರು,” ಎಂದ. “ಯಾರದೋ ತಂತಿ ಬಂತು, ಕೊಟ್ಟು ಬರ್ತೀನಿ.”